ನೆಲಮಾಳಿಗೆಯ ಕಾಂಕ್ರೀಟ್ ಗೋಡೆಯ ಬಿರುಕು: ಕಾರಣ ತಿಳಿದು ಸರಿಪಡಿಸುವ ಬಗೆ

ಬೆಂಗಳೂರಿನಲ್ಲಿ ಇಳಿಜಾರಿನ ನಿವೇಶನಗಳಲ್ಲಿ ಕಟ್ಟಿದ ಮನೆಗಳನ್ನು ರಸ್ತೆಯ ಕಡೆಯಿಂದ ನೋಡಿದರೆ ನೆಲಮಹಡಿಯಿಂದಲೇ ಮನೆ ಶುರುವಾದಂತೆ ಕಾಣುತ್ತದೆ. ಹಿಂದಕ್ಕೆ ಹೋದರೆ ಅದರ ಕೆಳಗೆ ಕಾರು ನಿಲ್ಲಿಸಲು, ಸಾಮಾನು ಇಡಲು, ಅರ್ಧ ನೆಲದೊಳಗೆ ಹೂತಂತಿರುವ ಇನ್ನೊಂದು ಅಂತಸ್ತು ಇರುತ್ತದೆ. ಅದರ ಒಂದೆರಡು ಗೋಡೆಗಳು ಇಟ್ಟಿಗೆಯವಲ್ಲ, ಕಂಬಿ ಕಟ್ಟಿ ಕಾಂಕ್ರೀಟ್ ಸುರಿದ ಗೋಡೆಗಳು. ಆಚೆಯ ಮಣ್ಣನ್ನು ತಡೆಯುವ ಕೆಲಸವೂ ಮೇಲಿನ ಮನೆಯ ಭಾರವನ್ನು ಹೊರುವ ಕೆಲಸವೂ ಅವುಗಳದೇ. ಇಂಥ ಗೋಡೆಯಲ್ಲಿ ಬಿರುಕು ಕಂಡಾಗ ಮೇಸ್ತ್ರಿ ಬಂದು ಉಳಿಯಿಂದ ಅದನ್ನು ವಿ ಆಕಾರಕ್ಕೆ ಬಿಡಿಸಿ, ಸಿಮೆಂಟ್ ಕಲಸಿ ಮೆತ್ತಿ, ಪುಟ್ಟಿ ಎಳೆದು, ಬಣ್ಣ ಹೊಡೆದು ಹೋಗುತ್ತಾರೆ. ಮುಂದಿನ ಸೆಪ್ಟೆಂಬರಿನ ಮಳೆಗೆ ಅದೇ ಗೆರೆಯ ಮೇಲೆ ಬಣ್ಣ ಉಬ್ಬಿ, ಗೋಡೆ ಉಪ್ಪು ಕಾರಿ, ಕೆಳಗೆ ನೀರಿನ ಕಲೆ ಮೂಡುತ್ತದೆ. ನಮ್ಮ ಮನೆಯಲ್ಲಿ ಹೀಗೆ ಎರಡು ಸಲ ಆಯಿತು. ಮೂರನೆಯ ಸಲ ತುಂಬಿಸುವ ಮೊದಲು, ಅದು ಏಕೆ ಬಂತೆಂದು ತಿಳಿಯಲು ನಾವು ಒಂದು ಮಳೆಗಾಲ ಪೂರ್ತಿ ಕಾದು ನೋಡಿದೆವು. ಆ ಕಾಯುವಿಕೆಯೇ ದುರಸ್ತಿಯ ಅತಿ ಮುಖ್ಯ ಭಾಗವಾಗಿತ್ತು ಎಂದು ಈಗ ನನಗೆ ಖಚಿತವಾಗಿದೆ. ಆದ್ದರಿಂದ ಈ ಲೇಖನದಲ್ಲಿಯೂ ತುಂಬುವ ಕೆಲಸಕ್ಕಿಂತ ಮೊದಲು ನೋಡುವ ಕೆಲಸ ಬರುತ್ತದೆ.

ಇಲ್ಲಿ ಹೇಳುವುದು ಕಾಂಕ್ರೀಟ್ ಗೋಡೆಗಳಿಗೆ ಮಾತ್ರ ಹೊಂದುತ್ತದೆ. ನಮ್ಮಲ್ಲಿ ಹೆಚ್ಚಿನ ಮನೆಗಳ ಪಾಯ ಸೈಜುಗಲ್ಲಿನದು. ಕಲ್ಲುಗಳ ನಡುವಿನ ಗಾರೆ ಬಿಟ್ಟುಕೊಂಡರೆ ಅದರ ದುರಸ್ತಿಯ ದಾರಿ ಬೇರೆ.

ಮೊದಲು ಬಿರುಕಿನ ದಿಕ್ಕು, ಅಗಲ ನೋಡಿ

ಗೋಡೆಯ ಮೇಲಿನ ಪುಟ್ಟಿ, ಬಣ್ಣ, ಪ್ಲಾಸ್ಟರುಗಳನ್ನು ಬಿರುಕಿನ ಎರಡೂ ಬದಿಗೆ ಒಂದೊಂದು ಅಂಗೈ ಅಗಲದಷ್ಟು ಕೆರೆದು ತೆಗೆಯಿರಿ. ಎಷ್ಟೋ ಸಲ ಬಿರುಕು ಬಿಟ್ಟಿರುವುದು ಪ್ಲಾಸ್ಟರ್ ಮಾತ್ರ, ಒಳಗಿನ ಕಾಂಕ್ರೀಟ್ ಗಟ್ಟಿಯಾಗಿಯೇ ಇರುತ್ತದೆ; ಹಾಗಿದ್ದರೆ ಪ್ಲಾಸ್ಟರ್ ಕೆಲಸಕ್ಕೇ ಮುಗಿಯಿತು. ಕಾಂಕ್ರೀಟಿನಲ್ಲೂ ಗೆರೆ ಮುಂದುವರಿದಿದ್ದರೆ ಅದು ಯಾವ ದಿಕ್ಕಿಗೆ ಸಾಗಿದೆ, ಎಲ್ಲಿ ಅಗಲವಾಗಿದೆ, ಎಲ್ಲಿ ಸಣ್ಣದಾಗಿದೆ ಎಂಬುದನ್ನು ಗಮನಿಸಬೇಕು.

ಮೇಲಿನಿಂದ ಕೆಳಕ್ಕೆ ನೇರವಾಗಿ ಇಳಿದ, ಕೂದಲಿನಷ್ಟು ತೆಳುವಾದ ಬಿರುಕು ಹೆಚ್ಚಾಗಿ ಕಾಂಕ್ರೀಟ್ ಒಣಗುವಾಗ ಕುಗ್ಗಿದ್ದರಿಂದ ಬಂದದ್ದು. ಗೋಡೆ ಕುಗ್ಗಲು ಹೊರಟಾಗ ಕೆಳಗೆ ಅದಕ್ಕಿಂತ ಮೊದಲೇ ಗಟ್ಟಿಯಾದ ಪಾಯ ಅದನ್ನು ಬಿಗಿಯಾಗಿ ಹಿಡಿದಿರುತ್ತದೆ. ಆ ಎಳೆದಾಟದಲ್ಲಿ ಗೋಡೆ ಒಂದು ಕಡೆ ಸೀಳುತ್ತದೆ. ಕ್ಯೂರಿಂಗ್, ಅಂದರೆ ಹೊಸ ಕಾಂಕ್ರೀಟನ್ನು ದಿನಗಟ್ಟಲೆ ಒದ್ದೆಯಾಗಿಡುವ ಕೆಲಸ, ಸರಿಯಾಗಿ ಆಗದ ಗೋಡೆಗಳಲ್ಲಿ ಇದು ಇನ್ನೂ ಹೆಚ್ಚು. ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡವಾದ ಐಎಸ್ 456:2000 ಸಾಮಾನ್ಯ ಸಿಮೆಂಟಿಗೆ ಕನಿಷ್ಠ 7 ದಿನ, ಬಿಸಿಲು ಮತ್ತು ಒಣಹವೆ ಇದ್ದಲ್ಲಿ ಕನಿಷ್ಠ 10 ದಿನ ಕ್ಯೂರಿಂಗ್ ಕೇಳುತ್ತದೆ. ನಿಂತ ಗೋಡೆಯ ಮೇಲೆ ನೀರು ನಿಲ್ಲುವುದಿಲ್ಲವಾದ್ದರಿಂದ ಗೋಣಿತಾಟು ಕಟ್ಟಿ ನೆನೆಸದಿದ್ದರೆ ಅಷ್ಟು ದಿನದ ಕ್ಯೂರಿಂಗ್ ಹೆಸರಿಗೆ ಮಾತ್ರ ನಡೆದಿರುತ್ತದೆ. ಇಂಥ ಬಿರುಕಿನಿಂದ ಮನೆ ಬೀಳುವುದಿಲ್ಲ. ಆದರೆ ನೀರಿಗೆ ಅದು ದಾರಿ, ನೀರು ಹೋದಲ್ಲಿ ಕಂಬಿಗೆ ತುಕ್ಕು.

ಓರೆಯಾಗಿ ಸಾಗಿ ಒಂದು ತುದಿಯಲ್ಲಿ ಅಗಲವಾಗಿರುವ ಬಿರುಕು ಪಾಯದ ಒಂದು ಭಾಗ ಕುಸಿದಿರುವುದನ್ನು ಹೇಳುತ್ತದೆ. ಕಿಟಕಿ, ವೆಂಟಿಲೇಟರುಗಳ ಮೂಲೆಯಿಂದ ಹೊರಡುವ ಚಿಕ್ಕ ಓರೆ ಬಿರುಕು ಇದಲ್ಲ. ಅದು ಮೂಲೆಗೆ ಹೆಚ್ಚುವರಿ ಕಂಬಿ ಹಾಕದಿದ್ದರ ಫಲ. ಕಂಬಿ ಇರುವ ಸಾಲಿನಲ್ಲೇ ನೇರವಾಗಿ ಸಾಗಿ ಕಂದು ಕಲೆ ಬಿಟ್ಟಿರುವ ಬಿರುಕು ತುಕ್ಕಿನದು: ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಬೇಡುವುದರಿಂದ ಒಳಗಿನಿಂದಲೇ ಕಾಂಕ್ರೀಟನ್ನು ಒಡೆಯುತ್ತದೆ.

ಅತ್ಯಂತ ಎಚ್ಚರಿಕೆಯಿಂದ ನೋಡಬೇಕಾದದ್ದು ಅಡ್ಡ ಬಿರುಕು. ಮೇಲೆ ಮೋಲ್ಡ್ (ಕಾಂಕ್ರೀಟ್ ಚಾವಣಿ), ಕೆಳಗೆ ಪಾಯ ಹಿಡಿದಿರುವ ಗೋಡೆಯನ್ನು ಆಚೆಯಿಂದ ಮಣ್ಣು ಮತ್ತು ನೀರು ಒತ್ತಿದಾಗ ಅದು ಬಿಲ್ಲಿನಂತೆ ಒಳಕ್ಕೆ ಬಾಗಲು ನೋಡುತ್ತದೆ. ಆಗ ಒಳಮೈಯ ನಡು ಎತ್ತರದಲ್ಲಿ ಅಡ್ಡಕ್ಕೆ ಸೀಳುತ್ತದೆ. ಇದನ್ನು ಕೋಲ್ಡ್ ಜಾಯಿಂಟಿನೊಂದಿಗೆ ಬೆರೆಸಬಾರದು. ಕಾಂಕ್ರೀಟ್ ಸುರಿಯುವುದನ್ನು ಸಂಜೆಗೆ ನಿಲ್ಲಿಸಿ ಮರುದಿನ ಮುಂದುವರಿಸಿದ ಮಟ್ಟದಲ್ಲಿಯೂ ಅಡ್ಡ ಗೆರೆ ಇರುತ್ತದೆ, ಅಲ್ಲಿಂದ ನೀರೂ ಒಸರುತ್ತದೆ. ಗೋಡೆ ಬಾಗಿದೆಯೇ ಎಂದು ತಿಳಿಯಲು ತೂಗುಗುಂಡು ಸಾಕು. ಮೋಲ್ಡಿನ ಕೆಳಗೆ ಒಂದು ಮೊಳೆ ಹೊಡೆದು ದಾರ ಇಳಿಬಿಟ್ಟು, ಒಂದೊಂದು ಅಡಿಗೆ ದಾರಕ್ಕೂ ಗೋಡೆಗೂ ಇರುವ ಅಂತರವನ್ನು ಅಳೆದು ಬರೆದುಕೊಳ್ಳಿ. ನಡುವಿನಲ್ಲಿ ಅಂತರ ಕಡಿಮೆಯಾಗಿದ್ದರೆ ಗೋಡೆ ಉಬ್ಬಿದೆ ಎಂದೇ ಅರ್ಥ.

ಅಗಲವನ್ನು ಕಣ್ಣಂದಾಜಿನಲ್ಲಿ ಹೇಳಬೇಡಿ. ಬೇರೆ ಬೇರೆ ದಪ್ಪದ ಗೆರೆಗಳನ್ನು ಮುದ್ರಿಸಿದ ಪಾರದರ್ಶಕ ಪಟ್ಟಿ ಸಿಗುತ್ತದೆ; ಅದನ್ನು ಬಿರುಕಿನ ಮೇಲಿಟ್ಟು ಹೋಲಿಸಿ. ಭಾರತೀಯ ಮಾನಕ ಸಂಸ್ಥೆಯ ಕೈಪಿಡಿ ಎಸ್‌ಪಿ 25ರಲ್ಲಿ 1 ಮಿ.ಮೀ.ಗಿಂತ ಕಡಿಮೆ ಇದ್ದರೆ ತೆಳು, 1ರಿಂದ 2 ಮಿ.ಮೀ. ಮಧ್ಯಮ, 2 ಮಿ.ಮೀ.ಗಿಂತ ಹೆಚ್ಚಿದ್ದರೆ ಅಗಲ ಎಂಬ ವಿಂಗಡಣೆ ಇದೆ. ಮಣ್ಣಿಗೆ ಅಥವಾ ಅಂತರ್ಜಲಕ್ಕೆ ತಾಗಿರುವ ಕಾಂಕ್ರೀಟಿನಲ್ಲಿ ಐಎಸ್ 456 ಒಪ್ಪುವುದು 0.2 ಮಿ.ಮೀ.ವರೆಗೆ ಮಾತ್ರ.

ಬಿರುಕು ಇನ್ನೂ ನಡೆಯುತ್ತಿದೆಯೇ?

ನಿಂತ ಬಿರುಕು ಬೇರೆ, ನಡೆಯುವ ಬಿರುಕು ಬೇರೆ. ಎರಡೂ ತುದಿಗಳಿಗೆ ಪೆನ್ಸಿಲಿನಿಂದ ಅಡ್ಡ ಗೆರೆ ಎಳೆದು ಪಕ್ಕದಲ್ಲಿ ದಿನಾಂಕ ಬರೆಯಿರಿ. ನಡುವೆ ಎರಡು ಕಡೆ, ಸುಮಾರು 2 ಮಿ.ಮೀ. ದಪ್ಪದ, ನಾಲ್ಕು ಅಂಗುಲ ಉದ್ದದ ಗಾಜಿನ ಪಟ್ಟಿಯನ್ನು ಬಿರುಕಿಗೆ ಅಡ್ಡಲಾಗಿ ಇಟ್ಟು ಎರಡೂ ತುದಿಗಳನ್ನು ಎಪಾಕ್ಸಿ ಅಂಟಿನಿಂದ ಗೋಡೆಗೆ ಅಂಟಿಸಿ. ಫೋಟೋ ಫ್ರೇಮ್ ಅಂಗಡಿಯಲ್ಲಿ ಕತ್ತರಿಸಿದ ಚೂರುಗಳು ಸಾಕು. ಗಾಜು ಹಿಗ್ಗಿ ಹೊಂದಿಕೊಳ್ಳುವುದಿಲ್ಲ. ಗೋಡೆ ಸ್ವಲ್ಪ ಸರಿದರೂ ಒಡೆಯುತ್ತದೆ.

ನಮ್ಮ ಗೋಡೆಯಲ್ಲಿ ಎರಡು ಬಿರುಕುಗಳಿದ್ದವು. ನಡುವಿನ ನೇರ ಬಿರುಕಿಗೂ ಹಿಂದಿನ ಮೂಲೆಯ ಓರೆ ಬಿರುಕಿಗೂ ಮೇ ತಿಂಗಳಲ್ಲಿ ಒಂದೇ ದಿನ ಗಾಜು ಅಂಟಿಸಿದೆವು. ನಡುವಿನದು ಆ ವರ್ಷದ ಕೊನೆಯವರೆಗೂ ಹಾಗೆಯೇ ಉಳಿಯಿತು. ಮೂಲೆಯದು ಆಗಸ್ಟಿನಲ್ಲಿ, ಮೂರು ದಿನ ಬಿಡದೆ ಮಳೆ ಹಿಡಿದ ಮೇಲೆ, ಸರಿಯಾಗಿ ಬಿರುಕಿನ ನೇರಕ್ಕೆ ಸೀಳಿತ್ತು. ಎರಡು ಚೂರುಗಳ ನಡುವೆ ಉಗುರು ತೂರುವಷ್ಟೂ ಸಂದಿರಲಿಲ್ಲ, ಬೆರಳಾಡಿಸಿದಾಗ ಮಾತ್ರ ಒಂದು ಚೂರು ಇನ್ನೊಂದಕ್ಕಿಂತ ತುಸು ಕೆಳಗಿರುವುದು ಗೊತ್ತಾಗುತ್ತಿತ್ತು. ಮೂಲೆ ಇಳಿಯುತ್ತಿತ್ತು. ಆಚೆ ಹೋಗಿ ನೋಡಿದರೆ ತಾರಸಿಯ ಮಳೆನೀರಿನ ಪೈಪು ಅದೇ ಮೂಲೆಯ ಬುಡಕ್ಕೆ ಬಿಡುತ್ತಿತ್ತು. ನೀರು ಬಿದ್ದ ಜಾಗದಲ್ಲಿ ಬಕೆಟ್ ಹಿಡಿಯುವಷ್ಟು ಗುಂಡಿಯಾಗಿತ್ತು, ಅದರ ಮೇಲೆ ಹೂಕುಂಡ ಇಟ್ಟಿದ್ದೆವು.

ನೀರನ್ನು ದೂರ ಮಾಡುವುದು

ಲೆಕ್ಕ ಹಾಕಿ ನೋಡಿ. ಒಂದು ಚದರ ಮೀಟರಿನ ಮೇಲೆ 1 ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್ ನೀರು. ಸಾವಿರ ಚದರ ಅಡಿಯ ತಾರಸಿ ಎಂದರೆ ಸುಮಾರು 93 ಚದರ ಮೀಟರ್. ಒಂದು ಸಂಜೆ 50 ಮಿ.ಮೀ. ಮಳೆ ಸುರಿದರೆ 4,600 ಲೀಟರಿಗಿಂತ ಹೆಚ್ಚು ನೀರು ಆ ಪೈಪುಗಳಿಂದ ಇಳಿಯುತ್ತದೆ. ಗೋಡೆ ಕಟ್ಟಿದ ಮೇಲೆ ಆಚೆಯ ಸಂದಿಗೆ ತುಂಬಿದ ಮಣ್ಣನ್ನು ಸಾಮಾನ್ಯವಾಗಿ ಯಾರೂ ಪದರ ಪದರವಾಗಿ ದಿಮ್ಮಸು ಮಾಡಿರುವುದಿಲ್ಲ. ಅದು ಸ್ಪಂಜಿನಂತೆ ಈ ನೀರನ್ನೆಲ್ಲ ಕುಡಿಯುತ್ತದೆ. ಎರಡೂವರೆ ಮೀಟರ್ ಆಳದವರೆಗೆ ನೀರು ನಿಂತಿತೆಂದರೆ ಗೋಡೆಯ ಬುಡದಲ್ಲಿ ನೀರೊಂದರ ಒತ್ತಡವೇ ಪ್ರತಿ ಚದರ ಮೀಟರಿಗೆ ಎರಡೂವರೆ ಟನ್ ಆಗುತ್ತದೆ. ಒಳಗಿನಿಂದ ಎಂಥ ಒಳ್ಳೆಯ ವಸ್ತುವನ್ನು ತುಂಬಿದರೂ ಈ ಒತ್ತಡ ಹಾಗೆಯೇ ಉಳಿದರೆ ನೀರು ಪಕ್ಕದಲ್ಲಿ ಇನ್ನೊಂದು ದಾರಿ ಹುಡುಕಿಕೊಳ್ಳುತ್ತದೆ.

ಆದ್ದರಿಂದ ತಾರಸಿಯ ಪೈಪುಗಳನ್ನು ಚರಂಡಿಗೋ, ಮನೆಯಿಂದ ದೂರದ ಇಂಗುಗುಂಡಿಗೋ ಸೇರಿಸಿ. ಗೋಡೆಯ ಸುತ್ತ ಒಂದು ಮೀಟರ್ ಅಗಲಕ್ಕೆ ಹೊರಗಡೆ ವಾಟ ಕೊಟ್ಟು ಕಾಂಕ್ರೀಟ್ ಹಾಸಿ, ಗೋಡೆಗೂ ಹಾಸಿಗೂ ನಡುವಿನ ಸಂದನ್ನು ಸೀಲೆಂಟಿನಿಂದ ಮುಚ್ಚಿ. ಗೋಡೆಯ ಪಕ್ಕದಲ್ಲೇ ಸಂಪು ಇದ್ದರೆ ಒಂದು ರಾತ್ರಿ ವಾಲ್ವ್ ಮುಚ್ಚಿ ನೀರಿನ ಮಟ್ಟ ಗುರುತಿಸಿ, ಬೆಳಿಗ್ಗೆ ಇಳಿದಿದೆಯೇ ನೋಡಿ; ಬೇಸಿಗೆಯಲ್ಲೂ ಒದ್ದೆ ಆರದ ಗೋಡೆಗೆ ಅನೇಕ ಕಡೆ ಸೋರುವ ಸಂಪೇ ಕಾರಣ.

ಧಾರವಾಡ, ಗದಗ, ವಿಜಯಪುರದ ಕಡೆಯ ಎರೆಭೂಮಿಯಲ್ಲಿ ವಿಷಯ ಇನ್ನೂ ಗಂಭೀರ. ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುವುದರಿಂದ ಬಿರುಕು ವರ್ಷಕ್ಕೊಮ್ಮೆ ತೆರೆದು ಮುಚ್ಚುತ್ತಿರುತ್ತದೆ. ಅಲ್ಲಿ ಪಾಯವೇ ಆ ಪದರವನ್ನು ದಾಟಿ ಆಳಕ್ಕೆ ಹೋಗಿರಬೇಕು. ಹಾಗಾಗಿಯೇ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಬುಡದಲ್ಲಿ ಗಂಟೆಯಂತೆ ಅಗಲವಾಗುವ ಅಂಡರ್‌ರೀಮ್ಡ್ ಪೈಲುಗಳನ್ನು ರೂಪಿಸಿತು. ಮೊದಲೇ ಕಟ್ಟಿದ ಮನೆಯಾದರೆ ಸುತ್ತಲಿನ ಮಣ್ಣಿನ ತೇವ ವರ್ಷವಿಡೀ ಒಂದೇ ಸಮ ಇರುವಂತೆ ಅಗಲವಾದ ಹಾಸು ಹಾಕುವುದು, ದೊಡ್ಡ ಮರಗಳನ್ನು ಗೋಡೆಯ ಹತ್ತಿರ ಬೆಳೆಸದಿರುವುದು ನಮ್ಮ ಕೈಲಿರುವ ಉಪಾಯಗಳು. ಹಳೆಯ ಮರವನ್ನು ಒಮ್ಮೆಲೇ ಕಡಿಯಬಾರದು. ಅದು ಹೀರುತ್ತಿದ್ದ ನೀರು ಮಣ್ಣಿನಲ್ಲೇ ಉಳಿದು ನೆಲ ಉಬ್ಬುತ್ತದೆ.

ಯಾವ ಬಿರುಕಿಗೆ ಯಾವ ವಸ್ತು

ಚಲನೆ ನಿಂತಿದ್ದು ಒಣಗಿರುವ ಬಿರುಕಿಗೆ ಎಪಾಕ್ಸಿ. ಅದು ಎರಡು ದಡಗಳನ್ನು ಮತ್ತೆ ಒಂದೇ ಗೋಡೆಯಾಗಿ ಬೆಸೆಯುತ್ತದೆ, ಗಟ್ಟಿಯಾದ ಮೇಲೆ ಎಳೆತಕ್ಕೆ ಕಾಂಕ್ರೀಟಿಗಿಂತ ಬಲವಾಗಿರುತ್ತದೆ. ಇದೇ ಅದರ ಮಿತಿಯೂ ಹೌದು: ಗೋಡೆ ಇನ್ನೂ ಸರಿಯುತ್ತಿದ್ದರೆ ಎಪಾಕ್ಸಿ ಬಿಡದೆ ಪಕ್ಕದ ಕಾಂಕ್ರೀಟ್ ಹೊಸದಾಗಿ ಸೀಳುತ್ತದೆ. ನೀರು ಒಸರುತ್ತಿರುವ, ತುಸು ಚಲನೆಯೂ ಇರುವ ಬಿರುಕಿಗೆ ಪಿಯು, ಅಂದರೆ ಪಾಲಿಯುರೆಥೇನ್ ರಾಳ. ನೀರು ತಾಗಿದೊಡನೆ ಅದು ನೊರೆಯಾಗಿ ಉಬ್ಬಿ ದಾರಿಯನ್ನು ಮುಚ್ಚುತ್ತದೆ. ಆದರೆ ಬಲ ಕೊಡುವುದಿಲ್ಲ. ತುಕ್ಕಿನ ಬಿರುಕಿಗೆ ಇವೆರಡೂ ಸಲ್ಲ.

ಎಪಾಕ್ಸಿ ಇಂಜೆಕ್ಷನ್ ಹಂತ ಹಂತವಾಗಿ

ಒಣಹವೆಯ ತಿಂಗಳು ಆರಿಸಿಕೊಳ್ಳಿ. ಫೆಬ್ರವರಿ, ಮಾರ್ಚ್ ಒಳ್ಳೆಯದು. ಬಿರುಕಿನ ಉದ್ದಕ್ಕೂ ಎರಡು ಬದಿಗಳನ್ನು ವೈರ್ ಬ್ರಷ್‌ನಿಂದ ಉಜ್ಜಿ, ಹಳೆಯ ಸಿಮೆಂಟ್ ತೇಪೆಯನ್ನು ಪೂರ್ತಿ ತೆಗೆದು, ಬ್ಲೋಯರಿನಿಂದ ಧೂಳು ಊದಿ. ನೀರು ಹಾಕಿ ತೊಳೆಯಬೇಡಿ. ಗ್ರೈಂಡರ್ ಹಿಡಿದು ಬಿರುಕಿನ ಮೇಲೆಯೇ ಉಜ್ಜಿದರೆ ಹಿಟ್ಟಿನಂಥ ಧೂಳು ಒಳಗೆ ತೂರಿ ರಾಳಕ್ಕೆ ಅಡ್ಡವಾಗುತ್ತದೆ. ಮಾಸ್ಕ್ ಇಲ್ಲದೆ ಈ ಕೆಲಸಕ್ಕೆ ಯಾರನ್ನೂ ಇಳಿಸಬೇಡಿ, ಕಾಂಕ್ರೀಟಿನ ಧೂಳು ಶ್ವಾಸಕೋಶಕ್ಕೆ ಶಾಶ್ವತ ಹಾನಿ ಮಾಡುತ್ತದೆ.

ನಂತರ ಬಿರುಕಿನ ಮೇಲೆ ಪುಟ್ಟ ಪ್ಲಾಸ್ಟಿಕ್ ನಳಿಕೆಗಳನ್ನು ಸುಮಾರು ಗೋಡೆಯ ದಪ್ಪದಷ್ಟೇ ಅಂತರಕ್ಕೆ ಒಂದರಂತೆ ಕೂರಿಸಬೇಕು. ಎಂಟು ಅಂಗುಲದ ಗೋಡೆಗೆ ಎಂಟು ಅಂಗುಲಕ್ಕೊಂದು ನಳಿಕೆ. ಹತ್ತಿರ ಹತ್ತಿರ ಕೂರಿಸಿದರೆ ರಾಳ ಗೋಡೆಯ ಹಿಂಬದಿ ಮುಟ್ಟುವ ಮೊದಲೇ ಮುಂದಿನ ನಳಿಕೆಯಲ್ಲಿ ಕಾಣಿಸಿಕೊಂಡು, ತುಂಬಿತೆಂಬ ಭ್ರಮೆ ಹುಟ್ಟಿಸುತ್ತದೆ. ನಳಿಕೆಯ ತೂತು ನೇರವಾಗಿ ಬಿರುಕಿನ ಮೇಲಿರಲಿ. ಅಂಟಿಸುವಾಗ ಒಂದು ಮೊಳೆಯನ್ನು ನಳಿಕೆಯ ಮೂಲಕ ಬಿರುಕಿಗೆ ತೂರಿಸಿಟ್ಟು ಆಮೇಲೆ ಎಳೆದರೆ ತೂತು ಮುಚ್ಚಿಕೊಳ್ಳುವುದಿಲ್ಲ. ನಳಿಕೆಗಳ ನಡುವಿನ ಬಿರುಕನ್ನೆಲ್ಲ ಎಪಾಕ್ಸಿ ಪೇಸ್ಟಿನಿಂದ ಒಂದು ಅಂಗುಲ ಅಗಲಕ್ಕೆ, 3 ಮಿ.ಮೀ. ದಪ್ಪಕ್ಕೆ ಮುಚ್ಚಿ, ಗಟ್ಟಿಯಾಗಲು ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಬಿಡಿ. ಈ ಪಟ್ಟಿಯಲ್ಲಿ ಸೂಜಿಮೊನೆಯಷ್ಟು ಬಿಟ್ಟರೂ ರಾಳ ಅಲ್ಲಿಂದಲೇ ಸುರಿಯುತ್ತದೆ.

ರಾಳ ಮತ್ತು ಗಟ್ಟಿಕಾರಕವನ್ನು ತಯಾರಕರು ಹೇಳಿದ ಪ್ರಮಾಣದಲ್ಲಿಯೇ, ಸ್ವಲ್ಪ ಸ್ವಲ್ಪವಾಗಿ ಕಲಸಿಕೊಳ್ಳಿ. ಹೆಚ್ಚು ಕಲಸಿಟ್ಟರೆ ತನ್ನ ಬಿಸಿಗೇ ಡಬ್ಬಿಯಲ್ಲಿ ಗಟ್ಟಿಯಾಗುತ್ತದೆ. ಕೈಗವಸು ಹಾಕದೆ ಮುಟ್ಟಬಾರದು. ಇಂಜೆಕ್ಷನನ್ನು ಅತ್ಯಂತ ಕೆಳಗಿನ ನಳಿಕೆಯಿಂದ, ಕಡಿಮೆ ಒತ್ತಡದಲ್ಲಿ, ನಿಧಾನವಾಗಿ ಆರಂಭಿಸಿ. ಮೇಲಿನ ನಳಿಕೆಯಲ್ಲಿ ರಾಳ ಗುಳ್ಳೆಯಿಲ್ಲದೆ ಇಣುಕಿದಾಗ ಕೆಳಗಿನದಕ್ಕೆ ಬಿರಡೆ ಹಾಕಿ ಮೇಲಿನದಕ್ಕೆ ಹೋಗಿ. ಮೇಲಿನಿಂದ ಶುರುಮಾಡಿದರೆ ಒಳಗಿನ ಗಾಳಿ ಸಿಕ್ಕಿಹಾಕಿಕೊಂಡು ಟೊಳ್ಳು ಉಳಿಯುತ್ತದೆ.

ಎಷ್ಟು ರಾಳ ಹಿಡಿಯಬೇಕೆಂಬುದನ್ನು ಮೊದಲೇ ಲೆಕ್ಕ ಹಾಕಿ ಗೋಡೆಯ ಮೇಲೆ ಬರೆದಿಡುವುದು ನನ್ನ ಬಲವಾದ ಸಲಹೆ. ಬಿರುಕು 0.5 ಮಿ.ಮೀ. ಅಗಲ, ಗೋಡೆ 200 ಮಿ.ಮೀ. ದಪ್ಪ, ಬಿರುಕಿನ ಉದ್ದ 2.4 ಮೀಟರ್ ಎಂದಾದರೆ ಅದರ ಒಟ್ಟು ಗಾತ್ರ 240 ಮಿ.ಲೀ. ಕೆಲಸದವರು ನೂರು ಮಿ.ಲೀ. ಹಾಕಿ ಮುಗಿಯಿತೆಂದರೆ ಗೋಡೆಯ ಹಿಂಭಾಗ ತುಂಬಿಲ್ಲ. ಒಂದು ಲೀಟರ್ ಹೀರಿಕೊಂಡಿತೆಂದರೆ ರಾಳ ಆಚೆಯ ಮಣ್ಣಿಗೆ ಹೋಗುತ್ತಿದೆ, ಅರ್ಧ ಗಂಟೆ ನಿಲ್ಲಿಸಿ ತುಸು ಮಂದವಾದ ಮೇಲೆ ಮುಂದುವರಿಸಬೇಕು. ನಮ್ಮ ನಡುವಿನ ಬಿರುಕಿಗೆ ಈ ಲೆಕ್ಕ ಹಿಡಿದೇ ಕೆಲಸ ಮಾಡಿಸಿದೆವು. ಮರುದಿನ ನಳಿಕೆಗಳನ್ನು ಮುರಿದು, ಪೇಸ್ಟನ್ನು ಉಜ್ಜಿ ಸಮ ಮಾಡಿದರೆ ಕೆಲಸ ಮುಗಿಯಿತು.

ಒಸರುವ ಬಿರುಕಿಗೆ ಪಿಯು

ಇಲ್ಲಿ ನಳಿಕೆಯನ್ನು ಮೇಲೆ ಅಂಟಿಸುವುದಿಲ್ಲ. ಬಿರುಕಿನಿಂದ ಗೋಡೆಯ ಅರ್ಧ ದಪ್ಪದಷ್ಟು, ಅಂದರೆ ಎಂಟು ಅಂಗುಲದ ಗೋಡೆಗೆ ನಾಲ್ಕು ಅಂಗುಲ ದೂರದಿಂದ, 45 ಡಿಗ್ರಿ ಓರೆಯಾಗಿ ಡ್ರಿಲ್ ಮಾಡಿ ಗೋಡೆಯ ನಡುಭಾಗದಲ್ಲಿ ಬಿರುಕನ್ನು ಸಂಧಿಸಬೇಕು. ಒಂದು ತೂತು ಎಡಕ್ಕೆ, ಮುಂದಿನದು ಬಲಕ್ಕೆ. ಬಿರುಕು ಒಳಗೆ ಯಾವ ಕಡೆ ವಾಲಿದ್ದರೂ ಅರ್ಧದಷ್ಟಾದರೂ ತೂತುಗಳು ಅದಕ್ಕೆ ತಾಗುತ್ತವೆ. ಕಂಬಿ ತಾಗಿದರೆ ಅದನ್ನು ಕೊರೆಯದೆ ಪಕ್ಕಕ್ಕೆ ಸರಿಯಿರಿ. ತೂತಿಗೆ ಪ್ಯಾಕರ್ (ಪಂಪಿನ ಪೈಪು ಸೇರಿಸುವ ನಳಿಕೆ) ಬಿಗಿದು ಮೊದಲು ನೀರು ಪಂಪ್ ಮಾಡಿ. ಬಿರುಕಿನಿಂದ ನೀರು ಹೊರಬಂದರೆ ತೂತು ಸರಿಯಾದ ಜಾಗ ಮುಟ್ಟಿದೆ, ಧೂಳೂ ತೊಳೆಯಿತು, ರಾಳಕ್ಕೆ ಬೇಕಾದ ತೇವವೂ ಸಿಕ್ಕಿತು. ಆಮೇಲೆ ಕೆಳಗಿನಿಂದ ಮೇಲಕ್ಕೆ ರಾಳ. ಕೊಳ್ಳುವಾಗ ಒಂದು ಮಾತು ಕೇಳಿ ತಿಳಿದುಕೊಳ್ಳಿ: ನೀರನ್ನು ತನ್ನಲ್ಲೇ ಹಿಡಿದಿಟ್ಟುಕೊಂಡು ಜೆಲ್ ಆಗುವ ಪಿಯು, ಗೋಡೆ ಒಣಗುವ ಬೇಸಿಗೆಯಲ್ಲಿ ಕುಗ್ಗುತ್ತದೆ. ನೀರನ್ನು ಹೊರದೂಡಿ ಗಟ್ಟಿ ನೊರೆಯಾಗುವ ಬಗೆಯೇ ನಮ್ಮ ಹವೆಗೆ ಸರಿ. ನೀರು ಚಿಮ್ಮುತ್ತಲೇ ಇದ್ದರೆ ಮೂರ್ನಾಲ್ಕು ನಿಮಿಷದಲ್ಲಿ ಗಟ್ಟಿಯಾಗುವ ಪ್ಲಗ್ ಸಿಮೆಂಟನ್ನು ಉಂಡೆ ಮಾಡಿ, ಬಿಸಿಯಾಗತೊಡಗಿದಾಗ ತೂತಿಗೆ ಒತ್ತಿ ಕೈ ತೆಗೆಯದೆ ಹಿಡಿದು ಮೊದಲು ರಭಸ ನಿಲ್ಲಿಸಬೇಕು.

ತುಕ್ಕಿನ ಬಿರುಕಿನಲ್ಲಿ ಸಡಿಲವಾದ ಕಾಂಕ್ರೀಟನ್ನು ಒಡೆದು, ಕಂಬಿಯ ಹಿಂದೆ ಬೆರಳು ಹೋಗುವಷ್ಟು ಬಿಡಿಸಿ, ತುಕ್ಕನ್ನು ಲೋಹದ ಹೊಳಪು ಕಾಣುವವರೆಗೆ ಉಜ್ಜಿ, ಜಿಂಕ್ ಪ್ರೈಮರ್ ಹಚ್ಚಿ, ಪಾಲಿಮರ್ ಬೆರೆಸಿದ ಗಾರೆಯಿಂದ ಪದರ ಪದರವಾಗಿ ತುಂಬಿ ಕ್ಯೂರಿಂಗ್ ಮಾಡಬೇಕು. ಒಡೆದ ಜಾಗದ ಅಂಚುಗಳನ್ನು ನೇರ ಗೆರೆಗೆ ಕತ್ತರಿಸಿ, ಬಾಯಿಗಿಂತ ಒಳಗೆ ತುಸು ಅಗಲವಿರಲಿ. ವಿ ಆಕಾರದ ಕಚ್ಚಿನಲ್ಲಿ ಮೆತ್ತಿದ ಗಾರೆಗೆ ಹಿಡಿತವೇ ಇರುವುದಿಲ್ಲ. ಮೊದಲ ಎರಡು ಸಲ ನಮ್ಮ ತೇಪೆ ಎದ್ದು ಬಂದದ್ದಕ್ಕೆ ಇದೂ ಒಂದು ಕಾರಣ.

ಎಲ್ಲಿ ಕೈ ಹಾಕಬಾರದು

ಗೋಡೆ ಉಬ್ಬಿದ್ದರೆ, ನಡು ಎತ್ತರದಲ್ಲಿ ಅಡ್ಡ ಬಿರುಕಿದ್ದರೆ, ಬಿರುಕಿನ ಒಂದು ದಡ ಇನ್ನೊಂದಕ್ಕಿಂತ ಮುಂದೆ ಬಂದಿದ್ದರೆ, ಮೇಲಿನ ಮನೆಯ ಬಾಗಿಲುಗಳು ಹಠಾತ್ತಾಗಿ ಕಚ್ಚತೊಡಗಿದರೆ, ದಯವಿಟ್ಟು ಏನನ್ನೂ ತುಂಬದೆ ಸ್ಟ್ರಕ್ಚರಲ್ ಇಂಜಿನಿಯರನ್ನು ಕರೆಯಿರಿ. ಆಚೆಯಿಂದ ಅಗೆದು ವಾಟರ್‌ಪ್ರೂಫಿಂಗ್ ಮಾಡಿಸುವುದು ಒಳ್ಳೆಯದೇ, ಆದರೆ ಇಡೀ ಉದ್ದವನ್ನು ಒಮ್ಮೆಗೇ ಅಗೆಯಲು ಬಿಡಬೇಡಿ. ಆಸರೆ ಕೊಡದ ಆಳದ ಕಂದಕ ಕುಸಿದರೆ ಒಳಗಿರುವ ಕೂಲಿಯವರಿಗೆ ತಪ್ಪಿಸಿಕೊಳ್ಳಲು ಸಮಯವೇ ಇರುವುದಿಲ್ಲ, ಪಕ್ಕದ ಮನೆಯ ಪಾಯವೂ ಸಡಿಲವಾಗುತ್ತದೆ.

ಕೆಲಸ ಸರಿಯಾಗಿದೆಯೇ ಎಂದು ನೋಡುವುದು

ಪುಟ್ಟಿ ಬಣ್ಣಕ್ಕೆ ಅವಸರ ಮಾಡಬೇಡಿ. ಆಚೆಯ ನೆಲಕ್ಕೆ ಒಂದು ಗಂಟೆ ಪೈಪಿನಿಂದ ನೀರು ಬಿಟ್ಟು, ಒಳಗಡೆ ಬಿರುಕಿನ ಮೇಲೆ ಹಳೆಯ ಪತ್ರಿಕೆಯ ಪಟ್ಟಿಯನ್ನು ಟೇಪಿನಿಂದ ಅಂಟಿಸಿಡಿ. ಕಣ್ಣಿಗೆ ಕಾಣದ ಒಸರನ್ನೂ ಕಾಗದ ತೋರಿಸುತ್ತದೆ. ಮೂಲೆಯ ಬಿರುಕಿಗೆ ನಾವು ಆ ವರ್ಷ ಏನನ್ನೂ ತುಂಬಲಿಲ್ಲ. ಪೈಪನ್ನು ಚರಂಡಿಗೆ ತಿರುಗಿಸಿ, ಗುಂಡಿಯನ್ನು ದಿಮ್ಮಸು ಮಾಡಿ ಮುಚ್ಚಿ, ಹೊಸ ಗಾಜು ಅಂಟಿಸಿ ಇನ್ನೊಂದು ಮಳೆಗಾಲ ಕಾದೆವು. ಗಾಜು ಒಡೆಯಲಿಲ್ಲ. ಒಸರು ಮಾತ್ರ ಸ್ವಲ್ಪ ಉಳಿದಿತ್ತು. ಅದಕ್ಕೆ ಪಿಯು ಹಾಕಿಸಿದ ಮೇಲೆ ಮತ್ತೊಂದು ಸೆಪ್ಟೆಂಬರ್ ಕಳೆಯಿತು, ಕಾಗದ ಒಣಗಿಯೇ ಇತ್ತು. ಗಾಜಿನ ಪಟ್ಟಿಯನ್ನು ಇನ್ನೂ ತೆಗೆದಿಲ್ಲ, ಪಕ್ಕದಲ್ಲಿ ಬರೆದ ದಿನಾಂಕಗಳ ಮೇಲೆ ಬಣ್ಣವನ್ನೂ ಹೊಡೆಸಿಲ್ಲ.